ಗಯೆಗೆ ಹೋಗಿಬಂದ ಡ್ರಾಯಿಂಗ್ ಮೇಷ್ಟ್ರು

ಆಸೆಯೇ ದುಃಖಕ್ಕೆ ಮೂಲ ಎಂದು ಬುದ್ಧ ಹೇಳಿದ. ಹೊಟ್ಟೆಕಿಚ್ಚಿನ ಬಗ್ಗೆ ಏನು ಹೇಳಿದನೋ ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇದ್ದಿದ್ದರೆ ಆ ಪಾಠವನ್ನು ನಾನು ಸ್ವಾನುಭವದಿಂದಲೇ ಮಾಡಿಬಿಡುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಶ್ರೀನಿವಾಸಪುರದ ಹೈಸ್ಕೂಲೊಂದರಲ್ಲಿ ಚರಿತ್ರೆಯ ಮೇಷ್ಟ್ರು. ಅಕ್ಬರನನ್ನು ಯಾರು ಬೇಕಾದರೂ ಪಾಠ ಮಾಡಲಿ, ಬುದ್ಧ ಮಾತ್ರ ನನ್ನವನು ಎಂಬ ಹಮ್ಮು ನನಗಿತ್ತು. ಲುಂಬಿನಿಯಲ್ಲಿ ಹುಟ್ಟಿಸಿ, ಅರಮನೆ ಬಿಡಿಸಿ, ಅರಳಿಮರದ ಕೆಳಗೆ ಕೂರಿಸುವ ಹೊತ್ತಿಗೆ ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ರೇಷ್ಮೆ ವ್ಯಾಪಾರಿಗಳ ಜೊತೆಗೂಡಿ ಭಿಕ್ಷುಗಳು ಮರಳುಗಾಡು ದಾಟಿ ಚೀನಾ ಮುಟ್ಟಿದರು ಎಂದರೆ ಸಾಕು, ಮನೆಯಲ್ಲಿ ರೇಷ್ಮೆಹುಳ ಸಾಕುವವರ ಮಕ್ಕಳು ನೆಂಟರ ಸುದ್ದಿ ಬಂದಂತೆ ನೆಟ್ಟಗಾಗುತ್ತಿದ್ದರು. ಇಷ್ಟೆಲ್ಲ ಹೇಳುವ ನಾನು ನೋಡಿದ್ದು ಮಾತ್ರ ಈ ಕಡೆ ಬೆಂಗಳೂರು, ಆ ಕಡೆ ಮದನಪಲ್ಲಿ.

ಆ ಬೇಸಿಗೆ ರಜದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರು ನಾರಾಯಣಸ್ವಾಮಿ ಯಾರಿಗೂ ಹೇಳದೆ ರೈಲು ಹತ್ತಿ ಬೋಧಗಯೆ ನೋಡಿಕೊಂಡು ಬಂದರು. (ಹೊಟ್ಟೆಕಿಚ್ಚಿನಲ್ಲೂ ನಾನು ಬಹುವಚನ ಬಿಡುವವನಲ್ಲ.) ನಮ್ಮೂರಿನ ಲೆಕ್ಕದಲ್ಲಿ ಬೋಧಗಯೆಯೂ ಗಯೆಯೇ. ಗಯೆಗೆ ಹೋದವರು ಪಿತೃಗಳಿಗೆ ಪಿಂಡ ಹಾಕಿ, ತಮಗೆ ಇಷ್ಟವಾದ ಹಣ್ಣನ್ನೋ ತರಕಾರಿಯನ್ನೋ ಜನ್ಮಪೂರ್ತಿ ಬಿಡಬೇಕು. ಮೇಷ್ಟ್ರು ಬಸ್ಸಿಳಿದು, ಬೋಧಗಯೆಯಿಂದ ಬರುತ್ತಿದ್ದೇನೆ ಎಂದ ಕೂಡಲೇ ಹೂ ಮಾರುವ ಮುದುಕಿಯೊಬ್ಬಳು ಅವರ ಕಾಲಿಗೆ ಬಿದ್ದು, ಏನು ಬಿಟ್ಟಿರಿ ಎಂದು ತನ್ನ ತೆಲುಗಿನಲ್ಲಿ ಕೇಳಿದಳು.

"ಏಮಿ ವದಿಲಿಪೆಟ್ಟಿನಾರು ಸಾಮೀ?"

ತಾವು ಹೋಗಿದ್ದು ಪಿಂಡ ಹಾಕಲು ಅಲ್ಲ, ಬುದ್ಧನನ್ನು ನೋಡಲು ಎಂದು ಬಸ್‌ಸ್ಟ್ಯಾಂಡಿನಲ್ಲಿ ವಿವರಿಸುವುದು ಹೇಗೆ? ಗಾಬರಿಯಲ್ಲಿ ಮೇಷ್ಟ್ರು ಎದುರಿಗೆ ಕಂಡದ್ದನ್ನೇ ಹೇಳಿಬಿಟ್ಟರು: "ಮಾವಿನಹಣ್ಣಮ್ಮಾ!"

ಮಾವಿಗೇ ಹೆಸರಾದ ಶ್ರೀನಿವಾಸಪುರದಲ್ಲಿ, ಅದೂ ಮಾವಿನ ಸುಗ್ಗಿಯಲ್ಲಿ! ಸಿದ್ಧಾರ್ಥನಾದರೂ ರಾಜ್ಯ ಬಿಟ್ಟಮೇಲೆ ಕಾಡಿಗೆ ಹೋದ. ಇವರು ಬಾದಾಮಿ, ರಸಪುರಿಗಳ ರಾಶಿಯ ನಡುವೆಯೇ ಇದ್ದುಕೊಂಡು ಹಣ್ಣು ಬಿಟ್ಟರಲ್ಲ ಎಂದು ಊರು ಬೆರಗಾಯಿತು. ತೋಟದವರು ಅವರ ಮನೆಗೆ ಹಲಸಿನಹಣ್ಣು ಕಳಿಸಿದರು. ನನ್ನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಮಾವಿನ ಹೋಳು ಹಾಕುತ್ತಾ, "ನಿಮ್ಮ ಕೈಲಿ ಆಗುತ್ತೇನ್ರೀ ಅದೆಲ್ಲಾ?" ಎಂದಳು. ಹಣ್ಣು ಹುಳಿ ಎಂದು ಗೊಣಗಿ ಎದ್ದೆ. ಅದು ಸಕ್ಕರೆಯಂತಿತ್ತು.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಶಾಲೆ ತೆರೆದಮೇಲೆ ಹೆಡ್‌ಮಾಸ್ಟರು ನನ್ನನ್ನು ಕರೆದು, "ಈ ಸಲ ಬುದ್ಧನ ಪಾಠ ನಾರಾಯಣಸ್ವಾಮಿಯವರೇ ಮಾಡ್ಲಿ ಸಾರ್. ಅವ್ರು ಕಣ್ಣಾರೆ ನೋಡ್ಕಂಡು ಬಂದವ್ರೆ" ಎಂದರು. ಇದ್ದ ಒಬ್ಬ ಬುದ್ಧನೂ ಕೈಬಿಟ್ಟ.

ಪಾಠದ ದಿನ ತಪ್ಪು ಹಿಡಿಯಲೆಂದೇ ಹಿಂದಿನ ಬೆಂಚಿನಲ್ಲಿ ಕೂತೆ. ತಪ್ಪಿಗೇನೂ ಬರವಿರಲಿಲ್ಲ. ಅಶೋಕ ಬುದ್ಧನ ಕಾಲದವನೇ ಎಂದರು. ಅಷ್ಟಾಂಗ ಮಾರ್ಗದಲ್ಲಿ ಐದಕ್ಕೇ ಸುಸ್ತಾದರು. ಆಮೇಲೆ ಸೀಮೆಸುಣ್ಣ ಹಿಡಿದರು ನೋಡಿ, ಬೋರ್ಡಿನ ಮೇಲೆ ಸಾಲಾಗಿ ಬುದ್ಧನ ಮುಖಗಳು ಎದ್ದವು. "ಒಂದೊಂದು ದೇಶದವ್ರೂ ಅಲ್ಲಿ ಒಂದೊಂದು ಗುಡಿ ಕಟ್ಟವ್ರೆ. ಬರ್ಮಾದವರ ಬುದ್ಧ ಬರ್ಮಾದವರ ಥರ, ಟಿಬೆಟ್‌ನವರದು ಟಿಬೆಟ್‌ನವರ ಥರ, ಜಪಾನ್‌ನವರದು ಅವರ ಥರ."

"ಯಾವ ಮುಖ ನಿಜ ಸಾರ್?" ಎಂದು ಒಬ್ಬ ಹುಡುಗಿ ಕೇಳಿದಳು.

"ಗೊತ್ತಿಲ್ಲ ಕಣಮ್ಮ. ಆದ್ರೆ ಅಲ್ಲಿ ಯಾರೂ ನಮ್ಮದೇ ನಿಜ ಅಂತ ಜಗಳ ಆಡ್ತಿರ್ಲಿಲ್ಲ."

ಇಡೀ ಏಷ್ಯಾ ಒಬ್ಬ ಬುದ್ಧನನ್ನು ಹಂಚಿಕೊಂಡು ನೆಮ್ಮದಿಯಾಗಿತ್ತು. ನಾನು ಒಂದು ಪೀರಿಯಡ್ ಬಿಟ್ಟುಕೊಡಲಾರದೆ ಒದ್ದಾಡುತ್ತಿದ್ದೆ. ಗಂಟೆ ಹೊಡೆಯಿತು. ಮಕ್ಕಳು ಏಳಲಿಲ್ಲ.

ಟೀ ಅಂಗಡಿಯಲ್ಲಿ ಹಲ್ಲು ಕಚ್ಚಿಕೊಂಡು, "ಚೆನ್ನಾಗಿತ್ತು ಸಾರ್" ಎಂದೆ. ಅವರು ನಾಚಿಕೊಂಡರು.

"ಏನ್ ಚೆನ್ನಾಗಿತ್ತು ಬಿಡಿ ಸಾರ್. ನನ್ನ ಕ್ಲಾಸಿಗೂ ನಿಮ್ಮ ಕ್ಲಾಸಿಗೂ ಮಧ್ಯ ಇರೋದು ಬರೀ ಬಿದಿರು ತಡಿಕೆ. ನೀವು ಬುದ್ಧನ್ನ ಶುರು ಮಾಡಿದ್ರೆ ನನ್ನ ಹುಡುಗ್ರೆಲ್ಲ ಪೆನ್ಸಿಲ್ ಕೆಳಗಿಟ್ಟು ನಿಮ್ಮನ್ನೇ ಕೇಳೋರು. ವರ್ಷಾ ವರ್ಷಾ ಹೊಟ್ಟೆ ಉರ್ಕಂಡೆ ಕಣ್ರೀ. ತಡ್ಕಳಕ್ಕಾಗ್ದೆ, ಹೋಗಿ ಆ ಮರಾನೇ ನೋಡ್ಕಂಡು ಬರಾಣ ಅಂತ ಹೊರಟ್ಬಿಟ್ಟೆ."

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಒಂದು ಗುಟುಕು ಟೀ ಗಂಟಲಿಳಿಯುವ ತನಕ ಆಯಿತು ಕೂಡ. ಆಮೇಲೆ ಹೊಳೆಯಿತು: ನನ್ನ ಹೊಟ್ಟೆಕಿಚ್ಚು ನನ್ನನ್ನು ಹಿಂದಿನ ಬೆಂಚಿನವರೆಗೆ ಕರೆದೊಯ್ದು ಕೂರಿಸಿತು, ಅವರದು ಅವರನ್ನು ಬೋಧಿವೃಕ್ಷದ ಬುಡ ಮುಟ್ಟಿಸಿತು. ಹೊಟ್ಟೆಕಿಚ್ಚು ಪಡುವುದರಲ್ಲೂ ಆ ಮನುಷ್ಯ ನನಗಿಂತ ಮುಂದೆ!