ಕೆಟ್ಟಿಲ್ಲ, ನಿಂತಿದೆ

ಚಿಕ್ಕವನಿದ್ದಾಗ ನಮ್ಮ ಸೋದರತ್ತೆ ಹಲ್ಲಿ ಸಾಕುತ್ತಾರೆ ಎಂದೇ ನಾನು ನಂಬಿದ್ದೆ. ಅಪ್ಪನ ಅಕ್ಕನಾದ ಅವರನ್ನು ಮನೆಯಲ್ಲಿ ಎಲ್ಲರೂ ‘ಹಲ್ಲತ್ತೆ’ ಎನ್ನುತ್ತಿದ್ದರು. ‘ಹಲ್ಲಿ’ ಜೊತೆ ಅತ್ತೆ ಸೇರಿದರೂ ಹಲ್ಲತ್ತೆ, ‘ಹಲ್ಲು’ ಜೊತೆ ಅತ್ತೆ ಸೇರಿದರೂ ಹಲ್ಲತ್ತೆ ಎಂದು ನನ್ನ ಲೆಕ್ಕ. ಸಂಧಿ ಪಾಠ ಇನ್ನೂ ಬಂದಿರಲಿಲ್ಲ. ಬಂದ ಮೇಲೂ ನನಗೆ ಅಷ್ಟೇನೂ ಹತ್ತಲಿಲ್ಲ, ಆ ಮಾತು ಬೇರೆ. ಮೊದಲ ಸಲ ಅವರ ಮನೆಗೆ ಹೋದಾಗ ಗೋಡೆ ಮೂಲೆಗಳನ್ನೆಲ್ಲ ಹುಡುಕಿ, “ಅತ್ತೆ, ಅವೆಲ್ಲ ಎಲ್ಲಿ?” ಎಂದು ಕೇಳಿದೆ.

“ಅಲ್ಲೇ ಕಪಾಟಲ್ಲಿವೆ, ನೋಡು” ಎಂದರು.

ಕಪಾಟು ತೆಗೆದರೆ ಸಾಲು ಸಾಲಾಗಿ ಬಾಯಿಗಳು. ಮುಖವಿಲ್ಲ, ಮೈಯಿಲ್ಲ, ಬರೀ ಬಾಯಿ. ಹಲ್ಲಿಗಳನ್ನೆಲ್ಲ ತಿಂದು ಬಾಯಿ ಮಾತ್ರ ಎತ್ತಿಟ್ಟಿದ್ದಾರೆ ಎಂದುಕೊಂಡು ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿ ಬಂದರು. ಅತ್ತೆ ಮಾತ್ರ ನನ್ನ ಗಂಟಲವರೆಗೆ ಇಣುಕಿ, “ಎಷ್ಟು ಚೆನ್ನಾಗಿ ಬಾಯಿ ತೆಗೀತಾನೆ! ಮುಂದೆ ಒಳ್ಳೇ ಗಿರಾಕಿ” ಎಂದರಂತೆ.

ಅತ್ತೆಯ ಕಸುಬು ಹಲ್ಲಿನ ಸೆಟ್ಟು ಕಟ್ಟುವುದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಗುಲಾಬಿ ಮೇಣದ ಹಾಳೆಗಳು, ಸ್ಪಿರಿಟ್ ದೀಪ, ಉಜ್ಜುವ ಮೋಟಾರು. ಎಲ್ಲದರ ಮೇಲೂ ಪ್ಲಾಸ್ಟರಿನ ಬಿಳಿ ಧೂಳು. ಕಪಾಟಿನಲ್ಲಿ ಇರುವುದು ಗಿರಾಕಿಗಳ ದವಡೆಯ ಅಚ್ಚುಗಳು. ಬೀದಿಯಲ್ಲಿ ಯಾರಾದರೂ ದೊಡ್ಡಸ್ತಿಕೆ ತೋರಿಸಿದರೆ ಅತ್ತೆ ನನ್ನ ಕಿವಿಯಲ್ಲಿ, “ಇವರ ಬಾಯಿ ನನ್ನ ಕಪಾಟಲ್ಲಿದೆ ಕಣೋ” ಎನ್ನುತ್ತಾರೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, “ಬಂದ ಗಂಡುಗಳೆಲ್ಲ ನಕ್ಕುಬಿಟ್ಟರು. ಒಳಗೆಲ್ಲ ಕಂಡುಬಿಡ್ತು” ಎನ್ನುವುದು ಅವರ ಉತ್ತರ.

ಮನೆಯಲ್ಲಿ ಅವರ ಜೊತೆಗಿರುವುದು ಒಂದು ಹಳೇ ಕಾರು. ಅಜ್ಜಂದಿರ ಕಾಲದ್ದು, ಗುಂಡು ಮೂತಿ, ಕಡು ಹಸಿರು ಬಣ್ಣ. ಕಸುಬು ಕಲಿಸಿದ ಗುರುಗಳು ಸಾಯುವ ಮುಂಚೆ ಬೀಗದ ಕೈ ಕೊಟ್ಟು, “ಮಕ್ಕಳ ಕೈಗೆ ಕೊಟ್ಟರೆ ಗುಜರಿಗೆ ಹಾಕ್ತಾರೆ, ನೀನು ನೋಡ್ಕೋ” ಎಂದಿದ್ದರು. ಮೂತಿಯ ಜಾಲರಿಯಲ್ಲಿ ಒಂದು ಪಟ್ಟಿ ಬಿದ್ದುಹೋದಾಗ ಅತ್ತೆ ಸೆಟ್ಟಿಗೆ ಬಳಸುವ ಮಾಲಿನಲ್ಲೇ ಇನ್ನೊಂದನ್ನು ಮಾಡಿ ಕೂರಿಸಿದ್ದಾರೆ. ಉಳಿದ ಪಟ್ಟಿಗಳು ಕಪ್ಪಗಾಗಿವೆ, ಇದೊಂದು ಮಾತ್ರ ಬೆಳ್ಳಗೆ ನಗುತ್ತದೆ.

ಈ ಕಾರಿನ ವಿಷಯದಲ್ಲಿ ಅವರದ್ದೊಂದು ಶಾಸನ: ಅದು ಕೆಟ್ಟಿದೆ ಎಂದು ಯಾರೂ ಅನ್ನಬಾರದು. ದಾರಿಯಲ್ಲಿ ಹೊಗೆ ಕಾರಿ ನಿಂತರೂ, ತಳ್ಳಿಸಿಕೊಂಡು ಮನೆ ಸೇರಿದರೂ, “ಕೆಟ್ಟಿಲ್ಲ, ನಿಂತಿದೆ” ಎನ್ನಬೇಕು. “ಕೆಟ್ಟಿದೆ ಅಂದ ಹಲ್ಲನ್ನ ಕೀಳ್ತಾರೆ. ನಿಂತಿದೆ ಅಂದ್ರೆ ನಾಳೆ ಹೊರಡುತ್ತೆ. ಮಾತು ನೋಡಿ ಆಡಬೇಕು” ಎನ್ನುವುದು ಅವರ ವಾದ. ನನ್ನ ನೌಕರಿಯೋ, ಲಿಫ್ಟ್ ಕಂಪನಿಯಲ್ಲಿ ದೂರು ಕೇಳುವ ಫೋನಿನ ಮುಂದೆ ಕೂರುವುದು. ದಿನವಿಡೀ ಜನ ನನ್ನ ಕಿವಿಗೆ ಸುರಿಯುವುದು ‘ಕೆಟ್ಟಿದೆ’ ಎನ್ನುವ ಒಂದೇ ಪದ. ನಾನು ವಾಪಸ್ಸು ಕೊಡುವುದು “ದಯವಿಟ್ಟು ಗಾಬರಿಯಾಗಬೇಡಿ” ಎನ್ನುವ ಒಂದೇ ವಾಕ್ಯ. ಲಿಫ್ಟಿನೊಳಗೆ ಏನಿರುತ್ತದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥ ತಂತ್ರಜ್ಞನನ್ನು ಒಂದು ರಜದ ದಿನ ಅತ್ತೆ ದೂರ ಪ್ರಯಾಣಕ್ಕೆ ಜೊತೆಗೆ ಕರೆದರು.

ಕಾರಣ ಮಹಾರಾಜರು. ಅವರು ಆಳಿದ್ದು ನಾಟಕದ ಸ್ಟೇಜಿನ ಮೇಲೆ ಮಾತ್ರ. ಬೆಟ್ಟದಾಚೆಯ ಪಟ್ಟಣದಲ್ಲಿ ಇದ್ದಾರೆ. ವಯಸ್ಸಾಯಿತೆಂದು ಬಣ್ಣ ಹಚ್ಚುವುದನ್ನು ಬಿಡುವವರಿದ್ದರು. ಆ ಸಂಜೆಯದು ಅವರ ಕೊನೆಯ ರಾಜನ ಪಾತ್ರ. ಆದರೆ ಹಿಂದಿನ ದಿನ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ ಅವರ ಹಲ್ಲಿನ ಸೆಟ್ಟನ್ನು ನಾಯಿ ಹೊತ್ತುಕೊಂಡು ಹೋಗಿತ್ತು. ಫೋನಿನಲ್ಲಿ ಅತ್ತೆಗೆ ಗೋಳಿಟ್ಟರು: “ನಾಯಿ ಓಣೀಲೆಲ್ಲ ನನ್ನ ನಗು ನಗ್ತಾ ಓಡಾಡ್ತಿದೆ ತಾಯಿ! ಹಲ್ಲಿಲ್ಲದೆ ಥಿಂಹಾಥನ ಅಂದ್ರೆ ಜನ ಥುಮ್ನೆ ಕೂರ್ತಾರಾ? ಮಂತ್ರಿ ಪಾತ್ರದ ಹುಡುಗ ನನ್ನ ಮಾತೆಲ್ಲ ಬಾಯಿಪಾಠ ಮಾಡ್ಕೊಂಡು ಕಿರೀಟ ನೋಡ್ತಾ ಕೂತಿದಾನೆ. ಅವನಿಗೆ ಎಲ್ಲಾ ಹಲ್ಲೂ ಇದಾವೆ!”

ಅವರ ಬಾಯಿಯ ಅಚ್ಚು ಕಪಾಟಿನಲ್ಲಿ ಇದ್ದೇ ಇತ್ತು. ಅತ್ತೆ ಹೊಸ ಸೆಟ್ಟು ಕಟ್ಟಿ, ಒದ್ದೆ ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಕಾರು ಹೊರಡಿಸಿದರು.

ಬೆಟ್ಟ ಹತ್ತಿ ಇಳಿಯುವವರೆಗೆ ಎಲ್ಲ ಸರಿಯಾಗಿತ್ತು. ಕೆಳಗೆ ಹೆಸರೇ ಕೇಳಿರದ ಒಂದು ಸಣ್ಣ ಊರು. ಅದರ ನಡುಬೀದಿಯಲ್ಲಿ ಕಾರು ಕೆಮ್ಮಿತು, ಬಿಕ್ಕಳಿಸಿತು, ಕ್ಷೌರದ ಅಂಗಡಿಯೊಂದರ ಬಾಗಿಲಿಗೆ ಸರಿಯಾಗಿ ಅಡ್ಡ ಬಂದು ಸುಮ್ಮನಾಯಿತು. ಬೀಗದ ಕೈ ತಿರುಗಿಸಿದರೆ ಗರಗರ ಅನ್ನುತ್ತದೆ, ಹತ್ತಿಕೊಳ್ಳುವುದಿಲ್ಲ. ಅತ್ತೆ ಇಳಿದು ಬಾನೆಟ್ಟು ಎತ್ತಿದರು. ನಾನೂ ಇಳಿದು, ಸೊಂಟದ ಮೇಲೆ ಕೈಯಿಟ್ಟು, ತಿಳಿದವನಂತೆ “ಹ್ಞೂಂ” ಎಂದೆ.

ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದ. ಅವನ ಹಿಂದೆ ಅರ್ಧ ಕೆನ್ನೆಗೆ ನೊರೆ ಬಳಿದುಕೊಂಡ ಗಿರಾಕಿ. “ಕೆಟ್ಟಿದೆಯಾ ಅಮ್ಮಾ?” ಎಂದು ಕ್ಷೌರಿಕ ಕೇಳಿದ.

“ಇಲ್ಲಪ್ಪ, ನಿಂತಿದೆ.”

“ಕೆಟ್ಟಿಲ್ಲ ಅಂದ್ಮೇಲೆ ಸ್ವಲ್ಪ ಮುಂದೆ ತಗೊಳ್ಳಿ. ಅಂಗಡಿಗೆ ಅಡ್ಡ ಆಯ್ತು.”

“ಮುಂದೆ ಹೋಗಲ್ಲ.”

“ಹಂಗಾದ್ರೆ ಕೆಟ್ಟಿದೆ.”

“ಕೆಟ್ಟಿಲ್ಲ, ನಿಂತಿದೆ ಅಂದ್ನಲ್ಲ!”

ನೊರೆಯ ಗಿರಾಕಿ ನ್ಯಾಯ ಹೇಳಿದ: “ನನ್ನ ಕ್ಷೌರನೂ ಹಂಗೇ ಬಿಡ್ರಿ. ಕೆಟ್ಟಿಲ್ಲ, ನಿಂತಿದೆ.”

ಆ ಊರಲ್ಲಿ ಒಬ್ಬನೇ ಮೆಕ್ಯಾನಿಕ್. ಕ್ಷೌರಿಕನೇ ನಂಬರು ಕೊಟ್ಟ. ಅತ್ತೆ ಫೋನು ಮಾಡಿದರು. ಆ ಕಡೆಯಿಂದ ಮೊದಲ ಪ್ರಶ್ನೆಯೇ, “ಗಾಡಿ ಕೆಟ್ಟಿದೆಯಾ?” ಈ ಕಡೆಯಿಂದ ಅದೇ ಉತ್ತರ. “ಕೆಟ್ಟಿಲ್ಲ ಅಂದ್ರೆ ನಾನ್ಯಾಕೆ ಬರ್ಲಿ? ಹೊರಟಾಗ ಹೇಳಿ, ಟಾಟಾ ಮಾಡ್ತೀನಿ” ಎಂದು ಅವನು ಫೋನಿಟ್ಟ. ಅತ್ತೆ ಇನ್ನೊಮ್ಮೆ ಮಾಡಿದರು. ಅವನು ಇನ್ನೊಮ್ಮೆ ಇಟ್ಟ.

ಅಷ್ಟರಲ್ಲಿ ಮಹಾರಾಜರ ಕರೆ. “ಎಲ್ಲಿದ್ದೀರಿ ತಾಯಿ? ಮುಖಕ್ಕೆ ಬಣ್ಣ ಹಚ್ಚೋಕೆ ಕರೀತಿದಾರೆ. ಬಾಯಿ ಒಳಗೆ ಏನೂ ಇಲ್ಲ!”

“ಬರ್ತಿದೀವಿ ಮಹಾರಾಜರೆ. ದಾರೀಲಿ ನಿಂತಿದೀವಿ, ಅಷ್ಟೆ.”

ರಸ್ತೆಯ ಆಚೆ ಬಸ್ ನಿಲ್ದಾಣ. ಮಹಾರಾಜರ ಊರಿನ ಹೆಸರು ಬರೆದ ಬಸ್ಸೊಂದು ನಮ್ಮ ಕಣ್ಣೆದುರೇ ಬಂದು, ಕಾದು, ಹೊರಟುಹೋಯಿತು. “ಅತ್ತೆ, ಮುಂದಿನ ಬಸ್ಸಿಗೆ ನಾನು ಡಬ್ಬಿ ತಗೊಂಡು ಹೋಗ್ತೀನಿ” ಎಂದೆ.

“ಹೋಗಿ? ಅವರ ಬಾಯಿಗೆ ತುರುಕಿ ಬರ್ತೀಯಾ? ಒಸಡಿಗೆ ಎಲ್ಲಿ ಒತ್ತುತ್ತೆ ಅಂತ ನೋಡಿ ಉಜ್ಜಿ ಕೂರಿಸೋರು ಯಾರು, ನಿಮ್ಮ ಲಿಫ್ಟಿನವರಾ?”

“ಹಾಗಾದ್ರೆ ನೀವು ಹೋಗಿ. ಕಾರು ನಾನು ಕಾಯ್ತೀನಿ.”

ಅತ್ತೆ ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದರು. “ಗೊತ್ತಿಲ್ಲದ ಊರಲ್ಲಿ ಇದನ್ನ ಬಿಟ್ಟು? ಯಾರೋ ಬಂದು ಕೆಟ್ಟಿದೆಯಾ ಅಂತಾರೆ, ನೀನು ಹೌದು ಅಂತೀಯ. ನಾನು ಬರೋಷ್ಟರಲ್ಲಿ ಗುಜರಿಯವನು ಚಕ್ರ ಬಿಚ್ಚಿರ್ತಾನೆ.”

ನನ್ನ ಬಗ್ಗೆ ಅವರ ಅಂದಾಜು ಸರಿಯಾಗಿಯೇ ಇತ್ತು. ಮುಖ ತೊಳೆಯುವ ನೆಪ ಹೇಳಿ ಕ್ಷೌರದ ಅಂಗಡಿಗೆ ನುಗ್ಗಿ, ಕನ್ನಡಿಯ ಕಡೆ ತಿರುಗಿ, ಮೆಕ್ಯಾನಿಕ್ಕಿಗೆ ಫೋನು ಹಚ್ಚಿ, ಆಫೀಸಿನ ದನಿಯಲ್ಲಿ ಹೇಳಿದೆ: “ನಮಸ್ಕಾರ. ಒಂದು ವಾಹನ ಕೆಟ್ಟಿದೆ. ಸಂಪೂರ್ಣ ಕೆಟ್ಟಿದೆ. ದಯವಿಟ್ಟು ಗಾಬರಿಯಾಗಬೇಡಿ.”

“ನಾನ್ಯಾಕೆ ಗಾಬರಿಯಾಗ್ಲಿ?” ಎಂದ ಅವನು. ಆದರೂ ಬಂದ.

ಆಳು ಬಾಗಿಲಿನಷ್ಟು ಅಗಲ. ಮಾತಾಡುವಾಗ ಮಾತ್ರ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದ. ಬಾನೆಟ್ಟಿನೊಳಗೆ ಬಗ್ಗಿ ಕಣ್ಣಿನಲ್ಲೇ ನೋಡಿದ, ಕೈ ಹಾಕಲಿಲ್ಲ. “ಪೆಟ್ರೋಲು ಮುಂದಕ್ಕೆ ಬರ್ತಾ ಇಲ್ಲ. ಪಂಪಿನ ಒಳಗಿನ ರಬ್ಬರು ಹರಿದಿರಬೇಕು. ಈ ಕಾಲದಲ್ಲಿ ಆ ರಬ್ಬರು ಎಲ್ಲಿ ಸಿಗುತ್ತಮ್ಮ?”

“ಹರಿದ ಕಡೆ ಮೇಣ ಮೆತ್ತಿದ್ರೆ?” ಎಂದು ಅತ್ತೆ ಚೀಲದಿಂದ ಗುಲಾಬಿ ಹಾಳೆ ತೆಗೆದರು.

“ಪೆಟ್ರೋಲು ಅದನ್ನ ಮಿಠಾಯಿ ತರ ತಿಂದು ಹಾಕುತ್ತೆ. ಒಳಗಿಡಿ, ಒಳಗಿಡಿ” ಎಂದು ನಕ್ಕ. ನಗುವಾಗ ಕೈ ಜಾರಿತು. ಅತ್ತೆಯ ಕಣ್ಣು ತಕ್ಷಣ ಅವನ ಹುಳುಕು ಹಲ್ಲಿಗೆ ಹೋಯಿತು.

“ಏನೂ ದಾರಿ ಇಲ್ವಾ?”

“ಇದೆ. ಪಂಪು ಎಳೀದಿದ್ರೆ ಏನು, ಪೆಟ್ರೋಲನ್ನ ಮೇಲಿಂದ ಇಳಿಸೋದು. ಕ್ಯಾನಿಗೊಂದು ಟ್ಯೂಬು ಹಾಕಿ, ಯಾರಾದ್ರೂ ಎತ್ತಿ ಹಿಡ್ಕೊಂಡು ಕೂತ್ರೆ ಹೋಗೋ ಊರು ತಲುಪ್ತೀರಿ.”

“ಹಾಗಾದ್ರೆ ಹಾಕಪ್ಪ, ಬೇಗ!”

ಅವನು ಕೈ ಒರೆಸಿಕೊಂಡು ಹಿಂದೆ ಸರಿದ. “ಮೊದಲು ಕೆಟ್ಟಿದೆ ಅನ್ನಿ.”

“ಯಾಕೆ?”

“ಕೆಟ್ಟಿಲ್ಲದ ಗಾಡಿಗೆ ಕೈ ಹಾಕಿದ್ರೆ ನಾಳೆ ‘ಇವನೇ ಕೆಡಿಸಿದ’ ಅಂತೀರಿ. ಎರಡು ಸಲ ಫೋನಲ್ಲಿ ಕೇಳಿದೆ, ಎರಡು ಸಲನೂ ಇಲ್ಲ ಅಂದ್ರಿ. ಇಲ್ಲಿ ಸಾಕ್ಷಿಗಳೂ ಇದಾರೆ.” ಕ್ಷೌರಿಕ ಮತ್ತು ನೊರೆಯ ಗಿರಾಕಿ ಗಂಭೀರವಾಗಿ ತಲೆಯಾಡಿಸಿದರು.

“ಕೆಟ್ಟಿದೆ!” ಎಂದೆ ನಾನು.

“ನೀನಲ್ಲ ಮಾರಾಯ. ಗಾಡಿ ಯಾರದ್ದೋ ಅವರು.”

ಅತ್ತೆ ಕಾರಿನ ಮೂತಿಯ ಬಿಳಿ ಪಟ್ಟಿಯ ಮೇಲೆ ಕೈಯಾಡಿಸಿದರು. ಗುರುಗಳ ಕಾರು, ಅಷ್ಟು ವರ್ಷ ಕಾಯ್ದುಕೊಂಡು ಬಂದ ಮಾತು. ಫೋನು ಮತ್ತೆ ಬಡಿದುಕೊಂಡಿತು. ನಾನೇ ಎತ್ತಿದೆ. “ಹುಡುಗಾ, ಮಂತ್ರಿ ನನ್ನ ಕಿರೀಟ ಇಟ್ಕೊಂಡು ಅಳತೆ ನೋಡ್ತಿದಾನೆ! ಥರಿಯಾಗೇ ಕೂತಿದೆ!” ದನಿ ಬೀದಿಗೆಲ್ಲ ಕೇಳಿಸಿತು. ದಯವಿಟ್ಟು ಗಾಬರಿಯಾಗಬೇಡಿ ಎಂದು ಹೇಳಿ ಫೋನಿಟ್ಟೆ.

ಅತ್ತೆ ಎರಡು ಹೆಜ್ಜೆ ಮುಂದೆ ಬಂದು ಮೆಕ್ಯಾನಿಕ್ಕಿನ ಗಲ್ಲ ಹಿಡಿದುಕೊಂಡರು. ಅಷ್ಟು ದೊಡ್ಡ ಆಳು ಮಗುವಿನಂತೆ ಬಾಯಿ ತೆರೆದ. ಅವರು ಕತ್ತು ಓರೆ ಮಾಡಿ, ಬೆಳಕಿಗೆ ತಿರುಗಿಸಿ ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

“ಕೆಟ್ಟಿದೆ. ಪೂರ್ತಿ ಕೆಟ್ಟಿದೆ.”

ಯಾವುದು ಎಂದು ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ಸಾಕ್ಷಿಗಳು ಮಾತ್ರ ಗೋಡೆಯ ಕಡೆ ತಿರುಗಿಕೊಂಡು ನಕ್ಕರು. ಆ ನಗುವಿಗೆ ಗಿರಾಕಿಯ ನೊರೆಯೆಲ್ಲ ಅಂಗಿಗೆ ಇಳಿಯಿತು. ಮೆಕ್ಯಾನಿಕ್ ಗಲ್ಲ ಸವರಿಕೊಂಡು, “ಹಾಂ, ಹಂಗೆ ಬನ್ನಿ ದಾರಿಗೆ” ಎಂದು ಕೆಲಸಕ್ಕೆ ಇಳಿದ. ಹೊರಡುವಾಗ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, “ಮುಂದಿನ ವಾರ ಮನೆಗೆ ಬಾ, ಹಲ್ಲಿನ ಅಚ್ಚು ತಗೋತೀನಿ. ಬಾಯಿ ಮುಚ್ಕೊಂಡು ಎಷ್ಟು ದಿನ ಮಾತಾಡ್ತೀಯ?” ಎಂದರು. ಆಗ ಅವನಿಗೆ ಅರ್ಥವಾಯಿತು. ಬೈಯಲು ಬಾಯಿ ತೆರೆದ, ಮತ್ತೆ ಕೈ ಅಡ್ಡ ಹಿಡಿದ, ಕೊನೆಗೆ ನಕ್ಕುಬಿಟ್ಟ.

ಎತ್ತಿ ಹಿಡಿದು ಕೂರುವ ‘ಯಾರಾದ್ರೂ’ ನಾನೇ ಎಂದು ಬೇರೆ ಹೇಳಬೇಕಿಲ್ಲ. ಎಡಗೈ ಕಿಟಕಿಯ ಆಚೆ, ಕೈಯಲ್ಲಿ ಪೆಟ್ರೋಲಿನ ಕ್ಯಾನು, ಕ್ಯಾನಿನಿಂದ ಬಾನೆಟ್ಟಿನೊಳಗೆ ಟ್ಯೂಬು. ಕೈ ಒಂದು ಗೇಣು ಇಳಿದರೆ ಕಾರು ಬಿಕ್ಕಳಿಸುತ್ತದೆ. “ಎತ್ತೋ, ಎತ್ತು! ಉಂಡಿದ್ದೆಲ್ಲ ಎಲ್ಲಿ ಹೋಯ್ತು?” ಎಂದು ಅತ್ತೆ ಗದರುತ್ತಾರೆ. ಎದುರು ಬಂದ ಲಾರಿಯವರು ನಾನು ನಮಸ್ಕಾರ ಮಾಡುತ್ತಿದ್ದೇನೆಂದು ತಿಳಿದು ತಿರುಗಿ ಕೈಯೆತ್ತಿದರು. ಇಡೀ ಹೆದ್ದಾರಿ ನನಗೆ ಗೌರವ ಕೊಟ್ಟಿದ್ದು ಅದೊಂದೇ ದಿನ.

ನಾಟಕದ ಮನೆಯ ಹಿಂಬಾಗಿಲಿಗೆ ಕಾರು ತಲುಪಿದಾಗ ಮುಂದೆ ಜನ ಕುರ್ಚಿ ಎಳೆದು ಕೂರುತ್ತಿದ್ದರು. ಬಣ್ಣದ ಕೋಣೆಯಲ್ಲಿ ಮಹಾರಾಜರು ಜರಿಯ ಅಂಗಿ ತೊಟ್ಟು, ಕಿರೀಟವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಕೂತಿದ್ದರು. ಎದುರು ಕುರ್ಚಿಯಲ್ಲಿ ಮಂತ್ರಿ, ಎಲ್ಲಾ ಹಲ್ಲುಗಳ ಸಮೇತ. ಅತ್ತೆ ಕೈ ತೊಳೆದು, ಸೆಟ್ಟು ಕೂರಿಸಿ, ತೆಗೆದು, ಒತ್ತುವ ಕಡೆ ಉಜ್ಜಿ, ಮತ್ತೆ ಕೂರಿಸಿದರು. “ಅನ್ನಿ.”

“ಸಿಂಹಾಸನ” ಎಂದರು ಮಹಾರಾಜರು. ಕೋಣೆಯೇ ಗುಂಯ್ ಎಂದಿತು. ಮಂತ್ರಿ ಎದ್ದು ತನ್ನ ಸಣ್ಣ ಪೇಟವನ್ನು ಹುಡುಕತೊಡಗಿದ.

ಇಷ್ಟಕ್ಕೇ ನಾನು ಸುಮ್ಮನಿದ್ದರೆ ಆಗುತ್ತಿತ್ತು. ಮರಗಟ್ಟಿದ ತೋಳು ಒತ್ತಿಕೊಳ್ಳುತ್ತ, ನನ್ನ ಸಾಹಸಕ್ಕೊಂದು ತೂಕ ಬರಲೆಂದು, “ಎದುರಿಗೇ ಬಸ್ ಇತ್ತು ಸರ್. ಆದ್ರೂ ಅತ್ತೆ ಕಾರು ಬಿಟ್ಟು ಹತ್ತಲಿಲ್ಲ, ಮೆಕ್ಯಾನಿಕ್ಕಿಗೇ ಕಾದ್ರು” ಎಂದುಬಿಟ್ಟೆ.

ಮಹಾರಾಜರ ಹುಬ್ಬು ಬಣ್ಣದ ಸಮೇತ ಮೇಲೇರಿತು. ಹೊಸ ಹಲ್ಲಿನಲ್ಲಿ ಒಂದೊಂದೇ ಅಕ್ಷರ ಸ್ಪಷ್ಟವಾಗಿ ಕೇಳಿದರು: “ಹೌದಾ ತಾಯಿ? ಒಂದು ವೇಳೆ ಆ ಮೆಕ್ಯಾನಿಕ್ ಸಿಗದೇ ಇದ್ದಿದ್ದರೆ, ಯಾರನ್ನ ಬಿಡ್ತಿದ್ರಿ? ಆ ಕಾರನ್ನೋ, ನನ್ನನ್ನೋ?”

ಮಂತ್ರಿ ಪೇಟ ಕೈಯಲ್ಲೇ ಹಿಡಿದು ಇತ್ತ ತಿರುಗಿದ. ಅತ್ತೆ ಬೆರಳಿಗಂಟಿದ ಗುಲಾಬಿ ಪುಡಿಯನ್ನು ಸೆರಗಿಗೆ ಒರೆಸಿಕೊಂಡರು.

“ನಿಮ್ಮನ್ನೇ. ಈಗ ಗಟ್ಟಿಯಾಗಿ ಕಚ್ಚಿ, ನೋಡೋಣ.”