ಬಾಲಿಗಂಜಿನಿಂದ ನ್ಯೂ ಟೌನಿಗೆ, ಪೆಟ್ರೋಲಿಲ್ಲದೆ

ಬೆಳಗಿನ ಎಂಟೂವರೆಗೆ ಬಾಲಿಗಂಜಿನ ಫ್ಲ್ಯಾಟಿನಿಂದ ಹೊರಟೆವು. ಹೊರಟವರೆಂದರೆ ನನ್ನ ಸೋದರಮಾವ ವಸಂತಮಾಮಾ, ಅವರ ಛತ್ರಿ, ಅವರ ಊಟದ ಡಬ್ಬಿ, ಕೊನೆಯಲ್ಲಿ ನಾನು. ಬಿ.ಎ. ಪರೀಕ್ಷೆ ಬರೆದ ಮೇಲೆ, ಫಲಿತಾಂಶ ಬರುವ ಹೊತ್ತಿಗೆ ಧಾರವಾಡದಲ್ಲಿರುವುದು ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ನಾನು ಕೋಲ್ಕತ್ತಾಕ್ಕೆ ಬಂದಿದ್ದೆ. ಆವತ್ತು ಮಾಮಾ ನನ್ನನ್ನು ಸಾಕ್ಷಿಗೆಂದು ಕರೆದುಕೊಂಡಿದ್ದರು.

ಸಾಕ್ಷಿ ಬೇಕಾಗಿದ್ದು ಗಂಡ ಹೆಂಡತಿಯ ಪಂದ್ಯಕ್ಕೆ. ಮಾಮಾನ ಸರ್ಕಾರಿ ಕಚೇರಿ ಆ ವರ್ಷ ನ್ಯೂ ಟೌನಿಗೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳ ನಡುವೆ ಹೋಗಿ ಕೂತಿತ್ತು. ಮನೆಯಿಂದ ಹದಿನೈದು ಕಿಲೋಮೀಟರಿಗೂ ಮಿಕ್ಕಿ. ಅದೇ ಹೊತ್ತಿಗೆ ಪೆಟ್ರೋಲ್ ಬೆಲೆ ಮತ್ತೆ ಏರಿತು. ಮಾಮಾ ಪ್ರತಿ ಸಿಗ್ನಲ್ಲಿನಲ್ಲೂ ಎಂಜಿನ್ ಆರಿಸಿ ನೋಡಿದರು. ಫ್ಲೈಓವರ್ ಇಳಿಯುವಾಗ ಕಾರನ್ನು ಪುಕ್ಕಟೆ ಉರುಳಲು ಬಿಟ್ಟರು. ಆದರೆ ಅಂಗೈಯಂತೆ ಸಪಾಟಾದ ಈ ಊರಿನಲ್ಲಿ ಎಷ್ಟೆಂದು ಉರುಳುವುದು? ಕಾರು ಮಾರುವುದೇ ಸರಿಯೆಂದು ತೀರ್ಮಾನಿಸಿದರು. ಕೊಳ್ಳುವವನು ಆ ಸಂಜೆಯೇ ಬರುವವನಿದ್ದ.

ಅಡ್ಡ ಬಂದವಳು ಸುಧಾಮಾಮಿ. ಎರಡು ಸಲ ನಪಾಸಾಗಿ, ಮೂರನೆಯ ಸಲಕ್ಕೆ, ಹಿಂದಿನ ತಿಂಗಳಷ್ಟೇ ಆಕೆ ಡ್ರೈವಿಂಗ್ ಲೈಸೆನ್ಸ್ ಗಿಟ್ಟಿಸಿದ್ದಳು.

“ಲೈಸೆನ್ಸಿಗೆ ಹಚ್ಚಿದ ಅರಿಷಿಣ ಇನ್ನಾ ಒಣಗಿಲ್ಲ. ನೀವು ಕಾರೇ ಮಾರ್ಲಿಕ್ಕೆ ಹೊಂಟೀರಿ!”

“ಬಸ್ಸಿನ್ಯಾಗ ಹೋಗಿ ತೋರಸ್ತೀನಿ. ಹತ್ತಕ್ಕ ಆಫೀಸ್ ಮುಟ್ಟಿದೆ ಅಂದ್ರ ಕಾರು ಹೋತು.”

“ಮುಟ್ಟಲಿಲ್ಲಂದ್ರ?”

“ಮುಟ್ತೀನಿ,” ಎಂದು ಮಾಮಾ ಛತ್ರಿಯನ್ನು ಕತ್ತಿಯಂತೆ ಕಂಕುಳಿಗೆ ಸೇರಿಸಿದರು.

ಮನೆ ಹತ್ತಿರದ ಗರಿಯಾಹಾಟಿನಿಂದ ರೂಬಿ ಮೋಡಕ್ಕೆ, ಅಂದರೆ ಬೈಪಾಸಿನ ದೊಡ್ಡ ಕೂಡುರಸ್ತೆಗೆ, ಆಟೊದಲ್ಲಿ ತಲೆಗೆ ಆರು ರೂಪಾಯಿ. ನಮ್ಮೂರಿನಲ್ಲಿ ಆಟೊ ಎಂದರೆ ಹತ್ತಿದವನ ಸ್ವಂತ ಆಸ್ತಿ. ಇಲ್ಲಿ ಅದೊಂದು ಗೊತ್ತಾದ ದಾರಿಯಲ್ಲೇ ಓಡುವ ಮರಿ ಬಸ್ಸು. ಹಿಂದೆ ಮೂವರು, ಮುಂದೆ ಚಾಲಕನ ಮಗ್ಗುಲಿಗೆ ಒಬ್ಬ. ಆ ಒಬ್ಬ ನಾನಾದೆ. ನನ್ನ ಅರ್ಧ ಭಾಗ ಆಟೊದಲ್ಲಿತ್ತು, ಉಳಿದರ್ಧ ದಾರಿಯಲ್ಲಿ ಸಿಗುವ ಕಸಬಾ ಬಡಾವಣೆಯ ಗಾಳಿಯಲ್ಲಿತ್ತು. “ದಾದಾ, ಪೇಟ್ ಭೇತೋರೇ!” ಎಂದು ಚಾಲಕ ಗದರಿದ. ಹೊಟ್ಟೆ ಒಳಗೆಳಕೋ ಅಂತ. ನನಗೆ ಹೊಟ್ಟೆಯಿದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.

ರೂಬಿಯಲ್ಲಿ ನಿಜವಾದ ಪರೀಕ್ಷೆ ಶುರುವಾಯಿತು. ಕೋಲ್ಕತ್ತಾದ ಖಾಸಗಿ ಬಸ್ಸು ಗಂಡಸರಿಗಾಗಿ ನಿಲ್ಲುವುದಿಲ್ಲ, ನಿಂತಂತೆ ಮಾಡುತ್ತದೆ. ನಾಲ್ಕು ಹೆಜ್ಜೆ ಅದರ ಜೊತೆ ಓಡಿ, ಕಂಬಿ ಹಿಡಿದು ನೇತುಬೀಳಬೇಕು. ಮಾಮಾನದು ಐವತ್ತಾರರ ಮಂಡಿ. ಎರಡು ಬಸ್ಸುಗಳು ಅವರಿಗೆ ಹೊಗೆ ಕುಡಿಸಿ ಹೋದವು. ಮೂರನೆಯದಕ್ಕೆ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು. ಕಂಡಕ್ಟರು ಬಸ್ಸಿನ ತಗಡಿಗೆ ಬಡಿದು, “ಆಸ್ತೇ! ಲೇಡೀಸ್!” ಎಂದು ಕೂಗಿದ. ನಿಧಾನ, ಹೆಂಗಸರಿದ್ದಾರೆ! ಬಸ್ಸು ಸಾಧು ಎತ್ತಿನಂತೆ ನಿಂತಿತು. ಮಾಮಾ ಮುದುಕಿಯ ಬೆನ್ನ ಹಿಂದೆಯೇ ಹತ್ತಿದರು.

“ಇಪ್ಪತ್ತು ವರ್ಷಾತು ಈ ಊರಿಗೆ ಬಂದು. ಈ ಉಪಾಯ ಗೊತ್ತಿರಲಿಲ್ಲ ನೋಡು,” ಎಂದರು ಏದುಸಿರಿನಲ್ಲಿ.

“ಇಳಿಯೋವಾಗ ಯಾವ ಮುದುಕಿನ್ನ ಹುಡಕ್ತೀರಿ ಮಾಮಾ?”

“ಬಾಯಿ ಮುಚ್ಚು, ಮಂಗ್ಯಾ.”

ಕಂಡವರ ಧ್ವನಿ ಕದಿಯುವುದು ನನ್ನ ಚಾಳಿ. ಬೈಪಾಸಿನುದ್ದಕ್ಕೂ ಒಳಗೊಳಗೇ ಕಂಡಕ್ಟರನನ್ನು ಅಭ್ಯಾಸ ಮಾಡಿದೆ. ನ್ಯೂ ಟೌನ್ ಬಂತು. ಬಸ್ಸು ನಿಂತಂತೆ ಮಾಡಿತು. ಮಾಮಾ ಮೆಟ್ಟಿಲ ಮೇಲೆ ಒಂದು ಕಾಲು ಎತ್ತಿ, ಕೆಳಗೆ ಓಡುವ ರಸ್ತೆ ನೋಡುತ್ತ ಬೆವರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ತಗಡಿಗೆ ಬಡಿದು ಕೂಗಿದೆ: “ಆಸ್ತೇ! ಲೇಡೀಸ್!”

ಬ್ರೇಕು ಕಿರುಚಿತು. ಮಾಮಾ ಡಬ್ಬಿ ಛತ್ರಿ ಸಮೇತ ಮರ್ಯಾದೆಯಿಂದ ಇಳಿದರು. ಚಾಲಕ ಕಿಟಕಿಯಿಂದ ಕತ್ತು ಚಾಚಿ ಹೆಂಗಸನ್ನು ಹುಡುಕಿದ. ಅವನಿಗೆ ಕಂಡದ್ದು ಪೊದೆಮೀಸೆಯ ಮಾಮಾ.

“ಸಾಬ್ಧಾನೇ ಜಾಬೇನ್, ಬೌದಿ!” ಎಂದ. ಹುಷಾರಾಗಿ ಹೋಗಿ, ಅತ್ತಿಗೆ!

ಬಸ್ಸಿಗೆ ಬಸ್ಸೇ ನಕ್ಕಿತು. ಕಚೇರಿಯ ಗೇಟಿನವರೆಗೂ ಮಾಮಾ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಅಲ್ಲಿ ಗಡಿಯಾರ ನೋಡಿ ಇಷ್ಟೇ ಅಂದರು: “ಹತ್ತಾಗಿಲ್ಲ. ನಿಮ್ಮ ಮಾಮಿಗೆ ಹೇಳು.”

ಪಂದ್ಯ ಗೆದ್ದಾಗಿತ್ತು. ಹಗಲೆಲ್ಲ ನಾನು ಗಾಜಿನ ಕಟ್ಟಡಗಳ ನೆರಳಿನಲ್ಲಿ ಅಲೆದೆ. ಕೊರಳಲ್ಲಿ ಗುರುತಿನ ಚೀಟಿ ತೂಗಿಸಿಕೊಂಡವರ ನಡುವೆ ನಿಂತು ಝಾಲ್‌ಮುಡಿ ತಿಂದೆ. ಅದು ನಮ್ಮ ಚುರುಮುರಿ ಗಿರ್ಮಿಟ್ಟಿನ ಬಂಗಾಳಿ ತಂಗಿ. ಸಾಸಿವೆ ಎಣ್ಣೆ ನೇರ ಮೂಗಿಗೇ ಏರುತ್ತದೆ.

ಸಂಜೆ ಮಳೆ ಹಿಡಿಯಿತು. ಗಾಜಿನ ಕಟ್ಟಡಗಳೆಲ್ಲ ಒಟ್ಟಿಗೇ ಬಾಗಿಲು ತೆರೆದವು. ಬಂದ ಬಸ್ಸುಗಳು ನಿಂತಂತೆ ಕೂಡ ಮಾಡಲಿಲ್ಲ. ಮಾಮಾನ ಮಂಡಿ ಊದಿತ್ತು. ಪಕ್ಕದಲ್ಲಿ ಅವರ ಕಚೇರಿಯ ಘೋಷ್‌ಬಾಬು ಮತ್ತು ದತ್ತಬಾಬು, ಕಸಬಾದವರು, ಒಂದೇ ಛತ್ರಿಯಡಿ ತೊಯ್ಯುತ್ತಿದ್ದರು. ಮಾಮಾ ಮನೆಗೆ ಫೋನು ಹಚ್ಚಿದರು. ಯಾರೂ ಎತ್ತಲಿಲ್ಲ. ಮಾಮಿಯ ಮೊಬೈಲಿಗೆ ಹಚ್ಚಿದರು.

“ಕಾರ್ ತೊಗೊಳ್ಳಾಂವ ಬಂದಿದ್ದನೇನು?”

“ಬಂದಿದ್ದ,” ಎಂದಳು ಮಾಮಿ. ಹಿಂದೆ ಹಾರ್ನುಗಳ ಸದ್ದು. “ಕಾರ್ ಎಲ್ಲೆ ಅಂದ. ಹೊರಗ ಹೋಗೇದ ಅಂದೆ.”

“ಯಾರು ತೊಗೊಂಡು ಹೋಗ್ಯಾರ?”

“ನಾನೇ. ಅವಗ ಸುಳ್ಳ ಹೇಳಿ, ಮುಂದಿನ ಬಾಗಲಾ ಹಾಕಿ, ಹಿಂದಿನ ಗೇಟಿನಿಂದ ಕಾರ್ ತೊಗೊಂಡು ಬಂದೆ. ಈಗ ಬೈಪಾಸಿನ ಮ್ಯಾಲ ಚಿಂಗಡಿಘಾಟಾದಾಗ ಬದೀಗೆ ನಿಲ್ಲಿಸೀನಿ. ಬೈಯೂದು ಆಮ್ಯಾಲ ಬೈರಿ. ಮೊದಲು ಎಲ್ಲೆ ನಿಂತೀರಿ ಹೇಳ್ರಿ.”

ಬಿಳಿ ಕಾರು ವೈಪರ್ ಬೀಸುತ್ತ, ಹಿಂದೆ ಹಾರ್ನುಗಳ ಮೆರವಣಿಗೆ ಕಟ್ಟಿಕೊಂಡು, ಎರಡನೆಯ ಗೇರಿನಲ್ಲಿ ಬಂತು. ಮಾಮಿ ಕಿಟಕಿ ಇಳಿಸಿ ಬಾಬುಗಳನ್ನೂ ಕರೆದಳು. ಮಾಮಾ ಮುಂದೆ ಎಡಕ್ಕೆ ಕೂತು, ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದರು. ಬಾಬುಗಳ ನಡುವೆ ನಾನು ಉಪ್ಪಿನಕಾಯಿಯ ಹೋಳಿನಂತೆ ಒತ್ತಿಕೊಂಡಿದ್ದೆ.

“ನಾಳಿಂದ ಇವರಿಬ್ಬರನ್ನೂ ಕೂಡಿಸ್ಕೊಂಡು ಹೋಗ್ರಿ. ಪೆಟ್ರೋಲು ಮೂರು ಪಾಲು. ರವಿವಾರ ಮಾತ್ರ ಕಾರು ನಂದು,” ಎಂದಳು ಮಾಮಿ, ರಸ್ತೆಯಿಂದ ಕಣ್ಣು ತೆಗೆಯದೆ.

“ಪಂದ್ಯ ನಾ ಗೆದ್ದೀನಿ, ಸುಧಾ.”

“ಗೆದ್ದೀರಿ. ಯಾರು ಇಲ್ಲಂದ್ರು?”

ಅಷ್ಟರಲ್ಲಿ ಮಾಮಾನ ಫೋನು ಬಡಿದುಕೊಂಡಿತು. ಕಾರು ಕೊಳ್ಳುವವನು. ಮಾಮಾ, ಸ್ಟೀರಿಂಗನ್ನು ಯಾರದೋ ಕೊರಳಿನಂತೆ ಬಿಗಿಹಿಡಿದ ಮಾಮಿಯ ಎರಡು ಕೈಗಳನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅಪ್ಪಟ ಧಾರವಾಡದ ಬಂಗಾಳಿಯಲ್ಲಿ ಹೇಳಿದರು:

“ಗಾಡಿ ಬಿಕ್ರಿ ಹೋಬೇ ನಾ, ದಾದಾ. ಡ್ರೈವರ್ ರಾಜಿ ನೊಯ್.”

ಮಾರುವುದಿಲ್ಲ, ಡ್ರೈವರ್ ಒಪ್ಪುತ್ತಿಲ್ಲ.

ಮಾಮಿಯ ಎಡಗೈ ಗೇರಿಗೆ ಇಳಿಯಿತು. ಒಂದು ಸಲ ಕರಕರ ಅಂದ ಕಾರು ಮೂರಕ್ಕೆ ಬಿತ್ತು. ಹಿಂದಿನ ಗಾಜಿನಲ್ಲಿ ನ್ಯೂ ಟೌನಿನ ದೀಪಗಳು, ಮಳೆಯಲ್ಲಿ ಕಲಸಿಕೊಂಡು, ಬೇಗಬೇಗ ಸಣ್ಣಗಾದವು.