ಕಣ್ಣಿಗೆ ಪಟ್ಟಿ, ಎದುರಿಗೆ ಅತ್ತೆ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ವರ್ಷ 2011 ಎಂದು ನನ್ನ ನೆನಪು, ಒಂದು ವರ್ಷ ಹಿಂದೆ ಮುಂದೆ ಆದರೂ ಆಶ್ಚರ್ಯವಿಲ್ಲ. ಡೈರಿ ಬರೆಯುವ ಅಭ್ಯಾಸ ಆಗಲೂ ಇತ್ತು. ಆದರೆ ಈ ಕಾರ್ಯಕ್ರಮದ ಬಗ್ಗೆ ಅದರಲ್ಲಿ ಇರುವುದೆಲ್ಲ ಬೈಗುಳವೇ. ಸಿಟ್ಟಿನಲ್ಲಿ ಬರೆದದ್ದನ್ನು ಸಾಕ್ಷಿ ಎಂದು ನಂಬಲು ನನಗೆ ಧೈರ್ಯ ಸಾಲದು.

ನಾನು ಜಮಖಂಡಿಯ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ಕಾರ್ಯಕ್ರಮ ನಿರ್ಮಾಪಕಿಯಾಗಿದ್ದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಇಷ್ಟೇ ನಮ್ಮ ಸಾಮ್ರಾಜ್ಯ. ಹುದ್ದೆಯ ಹೆಸರು ದೊಡ್ಡದು. ಅತಿಥಿಗಳನ್ನು ಹುಡುಕುವುದು, ಕುರ್ಚಿ ಸಾಲು ಹಾಕುವುದು, ಪೌಡರ್ ಹಚ್ಚುವುದು, ನಿರೂಪಣೆ ಮಾಡುವುದು, ಕರೆಂಟ್ ಹೋದರೆ ಜನರೇಟರ್‌ನವನಿಗೆ ಫೋನ್ ಮಾಡುವುದು ಎಲ್ಲವೂ ಅದರೊಳಗೇ ಬರುತ್ತಿತ್ತು.

ಧಾರವಾಡದಲ್ಲಿ ಪತ್ರಿಕೋದ್ಯಮ ಓದುವಾಗ ನಮ್ಮ ಪ್ರಾಧ್ಯಾಪಕರು ಹೊರದೇಶದ ಒಂದು ಹಳೆಯ ಟೀವಿ ಆಟವನ್ನು ತೋರಿಸಿದ್ದರು. ಅಪರಿಚಿತನೊಬ್ಬ ಬಂದು ಕೂರುತ್ತಾನೆ. ಎದುರಿಗೆ ಕೂತ ಪ್ಯಾನೆಲ್, ಅಂದರೆ ಊಹಿಸುವವರ ತಂಡ, ಪ್ರಶ್ನೆ ಕೇಳುತ್ತದೆ. ಬಂದವನು ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕು. ಅಷ್ಟರಲ್ಲೇ ಅವನ ಉದ್ಯೋಗ ಕಂಡುಹಿಡಿಯಬೇಕು. ಕೊನೆಗೆ ‘ಮಿಸ್ಟರಿ ಗೆಸ್ಟ್’ ಎಂಬ ಸುತ್ತು. ಆಗ ಬರುವವರು ಹೆಸರುವಾಸಿಯಾದವರು, ಅದಕ್ಕೇ ಪ್ಯಾನೆಲ್‌ನವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿರುತ್ತಾರೆ. ಬಂದವರು ದನಿ ಬದಲಿಸಿ ಉತ್ತರಿಸುತ್ತಾರೆ, ಪ್ಯಾನೆಲ್ ಅವರ ಹೆಸರು ಹೇಳಬೇಕು. ಅದನ್ನೇ ನಮ್ಮಲ್ಲಿ ‘ಹೇಳ್ರಿ ನೋಡೂಣು’ ಎಂಬ ಹೆಸರಿನಲ್ಲಿ ಮಾಡೋಣವೆಂದು ನಮ್ಮ ಚಾನೆಲ್ ಮಾಲೀಕರ ತಲೆ ತಿಂದವಳು ನಾನು.

ಪ್ಯಾನೆಲ್‌ಗೆ ಮೂವರು ಸಿಕ್ಕರು. ರಬಕವಿಯ ಅರಿವೆ ವ್ಯಾಪಾರಿ ಮಲ್ಲಪ್ಪ ಸಾಹುಕಾರರು, ಮುಧೋಳದ ವೈದ್ಯೆ ಸುನಂದಾ, ಮತ್ತು ಬನಹಟ್ಟಿಯ ನನ್ನ ಸೋದರಮಾವ, ನಿವೃತ್ತ ಹೆಡ್‌ಮಾಸ್ತರ ಗುರುಪಾದಪ್ಪ. ನಾನು ಅವರನ್ನು ಮಾಮಾ ಎನ್ನುತ್ತೇನೆ, ಊರೆಲ್ಲ ಮಾಸ್ತರ ಎನ್ನುತ್ತದೆ.

ಮೊದಲ ಕಂತಿನಲ್ಲೇ ನನ್ನ ಓದು ಕೈಕೊಟ್ಟಿತು. ಆ ಹೊರದೇಶದ ಆಟ ನಡೆಯುವುದು ಎದುರಿಗೆ ಕೂತವನು ಅಪರಿಚಿತ ಎಂಬ ಒಂದೇ ಆಧಾರದ ಮೇಲೆ. ನಮ್ಮ ನಾಲ್ಕು ಊರುಗಳಲ್ಲಿ ಅಪರಿಚಿತರೆಂದರೆ ಯಾರು? ಸಮೀರವಾಡಿಯ ಸಕ್ಕರೆ ಕಾರ್ಖಾನೆಯಿಂದ, ಕಬ್ಬು ಇಳಿಸುವ ಕ್ರೇನ್ ನಡೆಸುವವರೊಬ್ಬರನ್ನು ಕರೆತಂದೆ. ಯಾರೂ ಊಹಿಸಲಾರರು ಎಂದು ಬೀಗಿದ್ದೆ. ಶೂಟಿಂಗ್‌ಗೆ ಮುಂಚೆ ನೋಡಿದರೆ ಅವರು ವರಾಂಡದಲ್ಲಿ ಸಾಹುಕಾರರ ಜೊತೆ ಚಹಾ ಕುಡಿಯುತ್ತಿದ್ದಾರೆ.

“ಯಾವೂರ್ರಿ ನಿಮ್ಮದು? ಯಾರ ಪೈಕಿ?” ಸಾಹುಕಾರರು ಕೇಳುತ್ತಿದ್ದರು.

“ಸಾಹುಕಾರ್ರ, ನೀವು ಅವರನ್ನ ಮಾತಾಡಸಬಾರದ್ರಿ!” ನಾನು ಓಡಿ ಹೋದೆ.

“ಅಲ್ಲವಾ, ಎದುರಿಗೆ ಬಂದ ಮನಶ್ಯಾನ್ನ ಮಾತಾಡಸದ ಕುಂಡ್ರಾಕ ನಾವೇನು ದನಾ?”

ಅತಿಥಿಗಳಿಗೆ ಬೇರೆ ಕೋಣೆ ಮಾಡಿದೆ. ಅಲ್ಲಿಗೂ ಹೋಗಿ ಮಾತಾಡಿಸಿ ಬಂದರು. ಕೋಣೆಗೆ ಚಿಲಕ ಹಾಕಿಸಿದೆ. ಹಿಪ್ಪರಗಿಯಿಂದ ಬಂದಿದ್ದ ಹಿರಿಯರೊಬ್ಬರು ತಮ್ಮನ್ನು ಕೂಡಿಹಾಕಿದ್ದಾರೆಂದು ಸಿಟ್ಟಾಗಿ ಮನೆಗೇ ಹೋದರು. ಅಡ್ಡಹೆಸರುಗಳದು, ಅಂದರೆ ಮನೆತನದ ಹೆಸರುಗಳದು, ಇನ್ನೊಂದು ಗೋಳು. ನಮ್ಮ ಕಡೆ ಅರ್ಧ ಅಡ್ಡಹೆಸರುಗಳು ಕಸುಬಿನಿಂದಲೋ ಮಾರುವ ಸಾಮಾನಿನಿಂದಲೋ ಬಂದವು. ಹೆಸರು ಕೇಳಿದ ಕೂಡಲೇ ಪ್ಯಾನೆಲ್ ಆ ದಾರಿ ಹಿಡಿಯುತ್ತಿತ್ತು. ಅಡ್ಡಹೆಸರು ಹೇಳಬೇಡಿ ಎಂದರೆ ಅತಿಥಿಗಳಿಗೆ ಅನುಮಾನ. “ಯಾಕ್ರಿ ಬಾಯಾರ, ನಮ್ಮ ಮನಿತನದ ಹೆಸರು ಹೇಳಾಕ ನಾಚಿಗಿ ಏನ್ರಿ?” ಎಂದು ಬೀಳಗಿಯ ಒಬ್ಬರು ಕ್ಯಾಮೆರಾ ಎದುರೇ ನನ್ನನ್ನು ವಿಚಾರಿಸಿಕೊಂಡರು.

ಇಷ್ಟಾದರೂ ಕಾರ್ಯಕ್ರಮ ಓಡಿತು. ಓಡಿದ್ದು ಮಾಮಾನಿಂದ. ಅವರ ಪ್ರಶ್ನೆಗಳಿಗೆ ಒಂದು ಅಂದವಿತ್ತು. ನಿಂತು ಮಾಡೋ ಕೆಲಸೇನ್ರಿ? ಕೈ ಒದ್ದಿ ಆಗ್ತಾವೇನ್ರಿ? ಶ್ರಾವಣದಾಗ ಕೆಲಸ ಹೆಚ್ಚೇನ್ರಿ? ಹೀಗೆ ನಾಲ್ಕೈದು ಪ್ರಶ್ನೆಗಳಲ್ಲಿ ಮನುಷ್ಯನ ದಿನವೇ ಅವರಿಗೆ ಕಾಣುತ್ತಿತ್ತು. ಬನಹಟ್ಟಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ಮಗ್ಗ ನಿಲ್ಲಿಸಿ ಮಾಸ್ತರ ಏನು ಕೇಳುತ್ತಾರೆ ಎಂದು ಜನ ನೋಡುತ್ತಿದ್ದರು ಎಂದು ಕೇಳಿದ್ದೇನೆ. ಹಾಗೆ ಹೇಳಿದವರೂ ಮಾಮಾನೇ ಎಂಬುದನ್ನು ಸೇರಿಸಬೇಕು.

ಮಿಸ್ಟರಿ ಗೆಸ್ಟ್ ಸುತ್ತು ಮಾತ್ರ ಪ್ರತಿ ಸಲವೂ ಕೆಡುತ್ತಿತ್ತು. ಕಾರಣ ನಮ್ಮ ಪ್ರೇಕ್ಷಕರು. ಹತ್ತಿರದ ಮಠದ ಸ್ವಾಮಿಗಳು ದೊಡ್ಡ ಮನಸ್ಸು ಮಾಡಿ ಒಪ್ಪಿದ್ದರು. ಅವರು ಬಾಗಿಲಲ್ಲಿ ಕಾಣಿಸಿದ ತಕ್ಷಣ ಇಡೀ ಸಭೆ ಕುರ್ಚಿ ಸರಿಸಿ ಎದ್ದಿತು. “ಶರಣ್ರೀ ಅಜ್ಜಾರ” ಎಂದಿತು. ಆ ಸದ್ದಿಗೆ ಪ್ಯಾನೆಲ್‌ನ ಮೂವರೂ ಕಣ್ಣಿಗೆ ಕಟ್ಟಿದ ಪಟ್ಟಿಯಲ್ಲೇ ಎದ್ದು ಕೈ ಮುಗಿದರು. ಸ್ವಾಮಿಗಳು ಬಲಗಡೆಯಿದ್ದರು. ಇವರು ಮುಗಿದದ್ದು ಎಡಗಡೆ ನಿಂತಿದ್ದ ಫ್ಯಾನಿಗೆ. ನಿವೃತ್ತ ತಹಸೀಲ್ದಾರರು ಬಂದಾಗಲೂ ಅದೇ, ಹೆಸರಾಂತ ಪೈಲವಾನರು ಬಂದಾಗಲೂ ಅದೇ. ಯಾರೂ ಏಳಬಾರದು ಎಂದು ಮೊದಲೇ ಕೈಮುಗಿದು ಹೇಳುತ್ತಿದ್ದೆ. ತಲೆ ಆಡಿಸುತ್ತಿದ್ದರು. ಆಮೇಲೆ ಏಳುತ್ತಿದ್ದರು.

ಮಾಲೀಕರು ಬೇಸತ್ತು, “ಮಂದಿ ಎದ್ದು ನಿಲ್ಲದಂಥವ್ರನ್ನ ಯಾರನ್ನರೆ ಕರೀರಿ ಮೇಡಂ” ಎಂದರು.

ಆಗ ನನಗೆ ಹೊಳೆದದ್ದು ಅತ್ತೆ. ಮಾಮಾನ ಹೆಂಡತಿ, ಮಹಾದೇವಿ. ಮನೆಗೆಲಸ, ಮೈದುನನ ಮಗ್ಗಗಳಿಗೆ ನೂಲು ಸುತ್ತಿ ಕೊಡುವ ಕೆಲಸ, ಇವೆರಡರ ನಡುವೆ ಬದುಕಿದವರು. ಪ್ರೇಕ್ಷಕರಿಗೆ ಅವರ ಗುರುತಿದೆ, ಆದರೆ ಅವರನ್ನು ನೋಡಿ ಏಳುವವರಿಲ್ಲ. ಹೋಗಿ ಕೇಳಿದೆ.

“ನನ್ನ ನೋಡಿ ಯಾರೂ ಏಳಂಗಿಲ್ಲ ಬಿಡವಾ, ಬರ್ತೇನಿ,” ಅತ್ತೆ ನಕ್ಕರು. “ಆದರ ನಿನ್ನ ಆಟ ಜಲ್ದಿ ಮುಗೀತೈತಿ ನೋಡು. ನಾ ಕೆಮ್ಮಿದ್ರ ಸಾಕು, ನಿಮ್ಮ ಮಾಮಾ ಹಿಡೀತಾರ.”

“ದನಿ ಬದಲ ಮಾಡಬೇಕ್ರಿ ಅತ್ತಿ.”

“ಮಾಡ್ತೇನಿ. ಮಾಡಿದ್ರೂ ಹಿಡೀತಾರ.”

ಆ ಮಾತಿನಲ್ಲಿ ಎಷ್ಟು ಭರವಸೆ ಇತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ. ಶೂಟಿಂಗ್ ದಿನ ಅವರು ಹೊಸ ಇಳಕಲ್ ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಬಂದರು. ಕಣ್ಣು ಕಟ್ಟಿಕೊಂಡವರ ಎದುರು ಕೂರಲು ಇಷ್ಟು ಸಿಂಗಾರ ಯಾಕೆ ಎಂದು ನಾನು ತಮಾಷೆಯನ್ನೂ ಮಾಡಿದೆ.

ಅವತ್ತು ಸಭೆ ಎದ್ದೇಳಲಿಲ್ಲ. ಬಾಯಿಗೆ ಸೆರಗು, ಟವೆಲ್ಲು ಒತ್ತಿಕೊಂಡು ನಗು ತಡೆಯಿತು. ಮಾಮಾ ಶುರು ಮಾಡಿದರು.

“ನಮ್ಮ ಭಾಗದವರ ಏನ್ರಿ?”

“ಹೌದು.” ಅತ್ತೆ ಮೂಗಿನಿಂದ ದನಿ ತೆಗೆದರು.

“ನಿಮ್ಮಿಂದ ಮಂದಿಗಿ ಉಪಯೋಗ ಆಗೇತೇನ್ರಿ?”

“ಹೌದು.”

“ಸರಕಾರದಿಂದ ಸನ್ಮಾನ ಗಿನ್ಮಾನ ಆಗೇತೇನ್ರಿ?”

“ಇಲ್ಲ.”

“ರಿಟೈರ್ ಆಗೀರೇನ್ರಿ?”

“ಇಲ್ಲ.” ಸಭೆಯಲ್ಲಿ ಯಾರೋ ಕಿಸಕ್ಕೆಂದರು.

ಸುನಂದಾ ಅವರ ಪಾಳಿ ಬಂತು. “ದಿನಾ ನೀವ ಅಡಿಗಿ ಮಾಡ್ತೀರೇನ್ರಿ?” ಎಂದು ಕೇಳಿದರು. ಹೌದು ಎಂದ ಕೂಡಲೇ ಪಟ್ಟಿಯ ಕೆಳಗೆ ಅವರ ತುಟಿ ಅರಳಿತು. “ನಾನು ಪಾಸ್. ಮಾಸ್ತರ್ರ ಹೇಳಲಿ.” ಪಾಸ್ ಎಂದರೆ ಪ್ರಶ್ನೆ ಬಿಟ್ಟುಕೊಟ್ಟಂತೆ. ಸಾಹುಕಾರರು ಇನ್ನೂ ಮುಂದೆ ಹೋದರು. “ನನಗೂ ಗೊತ್ತಾತು, ನಾನೂ ಹೇಳಂಗಿಲ್ಲ. ಇದು ಮಾಸ್ತರ್ರ ಹೇಳಬೇಕಾದ್ದು.”

ಇದಕ್ಕಿಂತ ದೊಡ್ಡ ಸುಳಿವು ಇನ್ನೇನಿದೆ! ಅತ್ತೆ ಕುರ್ಚಿಯ ತುದಿಗೆ ಸರಿದು ಮಾಮಾನ ಮುಖವನ್ನೇ ನೋಡುತ್ತಿದ್ದರು. ಕಡೆಗೆ ಮಾಮಾ ಕೇಳಿದರು, “ನಾ ನಿಮ್ಮನ್ನ ಎಲ್ಯರೆ ಭೆಟ್ಟಿ ಆಗೇನೇನ್ರಿ?”

ಹೌದು ಎನ್ನಬೇಕಿತ್ತು. ಅತ್ತೆ ಹೇಳಿದ್ದು ಬೇರೆ. “ಅದನ್ನ ನೀವ ಹೇಳಬೇಕ್ರಿ.” ಅದನ್ನು ಅವರು ತಮ್ಮ ಸ್ವಂತ ದನಿಯಲ್ಲಿ ಹೇಳಿದರು ಎಂದು ನನ್ನ ನೆನಪು.

ಮಾಮಾ ಗಂಟಲು ಸರಿಮಾಡಿಕೊಂಡರು. “ಪಾಸ್,” ಎಂದರು. ಪಟ್ಟಿ ಬಿಚ್ಚಿ ನೋಡಿ, “ಏ, ನೀನ!” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ನಕ್ಕರು. ಬನಹಟ್ಟಿಗೆ ಹೋಗುವ ಕಾರಿನಲ್ಲಿ ಮಾತ್ರ ಅವರು ಕಿಟಕಿಯ ಹೊರಗೆ ನೋಡುತ್ತಾ, ಒಂದೊಂದಾಗಿ ಬಳೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಕಂತು ಪ್ರಸಾರವಾದ ಮೇಲೆ ಮಾಮಾ ಪೇಟೆಗೆ ಹೋಗುವುದೇ ಕಷ್ಟವಾಯಿತು. “ಸರ, ಇವತ್ತ ಮನಿಯಾಗ ಯಾರದಾರಂತ ನೋಡಕೊಂಡ ಬಂದೀರಿಲ್ರಿ?” ಎಂದು ಅವರ ಹಳೆಯ ವಿದ್ಯಾರ್ಥಿಗಳೇ ಕಾಲೆಳೆಯುತ್ತಿದ್ದರು. ಮಾಮಾ ಒಂದು ಉತ್ತರ ಸಿದ್ಧ ಮಾಡಿಕೊಂಡರು. “ಗೊತ್ತಾಗಿತ್ತಲೇ. ಮದವಿ ಆದಾಗಿಂದ ಆಕೀನ ಹೆಸರ ಹಿಡದು ಕರದವ ಅಲ್ಲ ನಾ. ಟೀವಿ ಮುಂದ ಒದರಲೇನು?”

ಅವರ ವಯಸ್ಸಿನ ಗಂಡಸರು ಹಾಗೆ ಕರೆಯುವುದಿಲ್ಲ ಎಂಬುದು ನಿಜ. ನನ್ನ ಆಟಕ್ಕೆ ಹೆಸರೇ ಬೇಕಿತ್ತು ಎಂಬುದೂ ನಿಜ. ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳದ ಊರಿನಲ್ಲಿ ಗಂಡನ ಎದುರಿಗೆ ಹೆಂಡತಿಯನ್ನು ಕೂರಿಸಿ ಹೆಸರು ಹೇಳಿ ಎನ್ನುವ ಆಟ ಕಟ್ಟಿದ್ದೆ. ಈ ವಿವರಣೆಯನ್ನು ಅತ್ತೆಯ ಹತ್ತಿರ ಹೇಳಿದೆ, ಸಮಾಧಾನವಾದೀತು ಎಂದು.

ಅತ್ತೆ ನೂಲಿನ ಎಳೆ ಹಿಡಿದುಕೊಂಡೇ ಕೇಳಿಸಿಕೊಂಡರು. “ಹೆಸರ ಬ್ಯಾಡ ಬಿಡವಾ. ‘ನಮ್ಮನಿಯಾಕಿ’ ಅಂದಿದ್ರ ಸಾಕಿತ್ತಲ್ಲ?” ಎಂದರು. ಎಳೆ ಸುತ್ತುತ್ತಲೇ ಮುಂದುವರಿಸಿದರು, “ಗೊತ್ತಾಗಿತ್ತೋ ಇಲ್ಲೋ, ಅಷ್ಟ ನನಗ ಬೇಕು. ನಾ ಕೇಳಂಗಿಲ್ಲ. ನೀ ಕೇಳು.”

ಕೇಳುವ ಮುಂಚೆ ಟೇಪ್ ನೋಡೋಣ ಎಂದುಕೊಂಡೆ. ಅತ್ತೆ ನಿಜವಾಗಿ ಸ್ವಂತ ದನಿಯಲ್ಲೇ ಮಾತಾಡಿದ್ದರೆ ಮಾಮಾನಿಗೆ ಗೊತ್ತಾಗದಿರಲು ಸಾಧ್ಯವಿಲ್ಲ. ಆದರೆ ನಮ್ಮ ಚಾನೆಲ್‌ನಲ್ಲಿ ಒಂದೇ ಟೇಪಿನ ಮೇಲೆ ಮತ್ತೆ ಮತ್ತೆ ರೆಕಾರ್ಡ್ ಮಾಡುವ ಪದ್ಧತಿ. ಅತ್ತೆ ಕೂತಿದ್ದ ಜಾಗದಲ್ಲಿ ಯಾರದೋ ಮದುವೆಯ ಆರತಕ್ಷತೆ ನಡೆಯುತ್ತಿತ್ತು. ಎಡಿಟಿಂಗ್ ಕೋಣೆಯಲ್ಲಿ ಕೂತು ಆ ವಧೂವರರಿಗೆ ನಾನು ಮಾಡಿದ ಆಶೀರ್ವಾದವನ್ನು ಬರೆಯುವಂತಿಲ್ಲ. ಸುನಂದಾ ಅವರನ್ನು ವಿಚಾರಿಸಿದರೆ ಅತ್ತೆ ಕೊನೆಯವರೆಗೂ ಮೂಗಿನಿಂದಲೇ ಮಾತಾಡಿದ್ದರು ಎಂದರು. ಸಾಹುಕಾರರು ನನ್ನ ಪರ, ಸ್ವಂತ ದನಿಯೇ ಎಂದರು. ಆದರೆ ಸಾಹುಕಾರರು ಯಾವಾಗಲೂ ಮಾತಿಗೆ ಎದುರು ಕೂತವರ ಪರವೇ.

ಮಾಮಾ ಪ್ಯಾನೆಲ್ ಬಿಟ್ಟರು. ಅವರಿಲ್ಲದ ಮೇಲೆ ಪ್ರಶ್ನೆಗಳು ಸಪ್ಪೆಯಾದವು. ಮಾಲೀಕರು ನಮ್ಮ ಕಾರ್ಯಕ್ರಮದ ಸಮಯದಲ್ಲಿ ಕೋರಿಕೆಯ ಚಿತ್ರಗೀತೆ ಹಾಕತೊಡಗಿದರು. ಮುಂದೆ ಎಲ್ಲರ ಕೈಗೂ ಮೊಬೈಲ್ ಬಂದು, ಚಾನೆಲ್ಲೇ ಮುಚ್ಚಿತು. ‘ಹೇಳ್ರಿ ನೋಡೂಣು’ವಿನ ಇತಿಹಾಸ ಇಷ್ಟೇ.

ಆ ಕೆಲಸ ನನಗೆ ಕಲಿಸಿದ್ದು ಒಂದಿದೆ. ಹೌದು, ಇಲ್ಲ ಎಂಬ ಉತ್ತರಗಳು ಪ್ರಶ್ನೆ ಹೋದ ಕಡೆಗೇ ಹೋಗುತ್ತವೆ. ಹೆಸರುವಾಸಿಯಾದವರನ್ನು ಹುಡುಕುತ್ತ ಹೊರಟವರು ಸನ್ಮಾನ ಆಗಿದೆಯೇ ಎಂದು ಕೇಳುತ್ತಾರೆ. ಅಡುಗೆ ಮಾಡುತ್ತೀರಾ ಎಂದು ಕೇಳಲು ಅವರಿಗೆ ತೋಚುವುದಿಲ್ಲ. ಆಮೇಲೆ ಬೇರೆ ಕಡೆ ಕೆಲಸ ಮಾಡಿದಾಗಲೂ, ಯಾರ ಸಂದರ್ಶನಕ್ಕೆ ಹೋದರೂ, ನಾನು ಏನನ್ನು ಮೊದಲೇ ನಂಬಿಕೊಂಡು ಬಂದಿದ್ದೇನೆ ಎಂದು ನನ್ನನ್ನೇ ಒಮ್ಮೆ ಕೇಳಿಕೊಳ್ಳುವುದು ರೂಢಿಯಾಯಿತು.

ಅತ್ತೆ ಒಪ್ಪಿಸಿದ ಕೆಲಸ ಮಾತ್ರ ಬಾಕಿ ಉಳಿದಿತ್ತು. ಹೋದಾಗಲೆಲ್ಲ ಯಾರಾದರೂ ಇರುತ್ತಿದ್ದರು, ಅಥವಾ ಇದ್ದರು ಎಂದು ನಾನು ನೆಪ ಹೇಳಿಕೊಳ್ಳುತ್ತಿದ್ದೆ. ಈ ಸಲ ಬನಹಟ್ಟಿಗೆ ಹೋದಾಗ ಮಾಮಾ ಪಡಸಾಲೆಯಲ್ಲಿ ಒಬ್ಬರೇ ಪೇಪರ್ ಓದುತ್ತ ಕೂತಿದ್ದರು. ಅತ್ತೆ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನಾನು ಕೇಳಿಯೇಬಿಟ್ಟೆ.

“ಮಾಮಾ, ಅವತ್ತ ಪಟ್ಟಿ ಕಟಗೊಂಡು ಕುಂತಾಗ ಎದುರಿಗೆ ಅತ್ತಿ ಅದಾರಂತ ನಿಮಗ ಖರೇನ ಗೊತ್ತಾಗಿತ್ತೇನ್ರಿ?”

ಒಳಗೆ ಪಾತ್ರೆಯ ಸದ್ದು ನಿಂತಿತು. ಮಾಮಾ ಪೇಪರಿನ ಪುಟ ತಿರುವಿ, “ಪಾಸ್,” ಎಂದರು.